ಇಂಡಸ್ಟ್ರಿಯಲ್ ಎಂಜಿನಿಯರಿಂಗ್‌ಗೆ 8 ಲಕ್ಷ ಸಾಲ ಮಾಡಬಹುದಾ?

ಪ್ರಶ್ನೆ: ಸರ್, ನಾನು ಪುಣೆಯ ಭೋಸರಿಯಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಊರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ಇಲ್ಲಿಗೆ ಬಂದು 22 ವರ್ಷ ಆಯಿತು. ಮಗಳು ಇಲ್ಲೇ ಹುಟ್ಟಿ, ಇಲ್ಲೇ ಓದಿದವಳು. ಈ ವರ್ಷ 12ನೇ ತರಗತಿ ಮುಗಿಸಿದ್ದಾಳೆ. ಗಣಿತ ಅಂದರೆ ಅವಳಿಗೆ ಪ್ರಾಣ. ಒಳ್ಳೆಯ ಕಾಲೇಜಿನಲ್ಲಿ ಕಂಪ್ಯೂಟರ್ ಸೀಟು ಸಿಗುವ ಹಾಗೆ ಕಾಣುತ್ತಿಲ್ಲ. ಒಂದು ಖಾಸಗಿ ಕಾಲೇಜಿನಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಸಿಗಬಹುದು. ವರ್ಷಕ್ಕೆ ಸುಮಾರು 2 ಲಕ್ಷ ಶುಲ್ಕ. ನಮ್ಮ ಮನೆಯ ವರ್ಷದ ಆದಾಯ ಐದೂವರೆ ಲಕ್ಷ. ಬ್ಯಾಂಕಿನವರು 8 ಲಕ್ಷ ಸಾಲ ಕೊಡುತ್ತೇವೆ ಅನ್ನುತ್ತಾರೆ. ನನ್ನ ಭಾವಮೈದುನ, "ಕಾರ್ಖಾನೆಯಲ್ಲಿ ಗಡಿಯಾರ ಹಿಡಿದು ನಿಲ್ಲೋ ಕೆಲಸಕ್ಕೆ 8 ಲಕ್ಷ ಯಾಕೆ?" ಅಂತಾನೆ. ಬೆಂಗಳೂರಿಗೆ ಕಳಿಸೋಣ ಅಂತಲೂ ಒಂದು ಯೋಚನೆ ಇದೆ. ಹಾಕಿದ ದುಡ್ಡು ವಾಪಸ್ ಬರುತ್ತದಾ?

ಉತ್ತರ: ನಮಸ್ಕಾರ. ನೇರವಾಗಿಯೇ ಹೇಳಿಬಿಡುತ್ತೇನೆ. 8 ಲಕ್ಷ ಪೂರ್ತಿ ಸಾಲ ಮಾಡಿ ಈ ಸೀಟು ತೆಗೆದುಕೊಳ್ಳಬೇಡಿ. ಅದೇ ಓದು 4 ಲಕ್ಷದ ಸಾಲದಲ್ಲಿ ಮುಗಿಯುತ್ತದೆ, ಮಗಳು ಮನೆಯಿಂದಲೇ ಓಡಾಡುತ್ತಾಳೆ, ಅವಳಿಗೂ ಈ ಕೆಲಸ ಇಷ್ಟ ಅಂದರೆ ಧೈರ್ಯವಾಗಿ ಸೇರಿಸಿ. ಇದೇ ಬ್ರಾಂಚ್ ಓದಿ ಚಾಕಣ, ಪಿಂಪ್ರಿ, ಭೋಸರಿಗಳ ಕಾರ್ಖಾನೆಗಳಲ್ಲಿ 28 ವರ್ಷ ಕಳೆದವನು ನಾನು. ಈ ಓದಿನಿಂದ ದುಡ್ಡು ಬರುತ್ತದೆ, ಆದರೆ ನಿಧಾನವಾಗಿ. ಮೊದಲ ಸಂಬಳದಲ್ಲಿ ಅಲ್ಲ, ನಾಲ್ಕನೇ ಐದನೇ ವರ್ಷದ ನಂತರ. ಹಾಗಾಗಿ ಅಲ್ಲಿಯ ತನಕ ಕಾಯಲು ನಿಮ್ಮ ಸಾಲ ಬಿಡುತ್ತದಾ ಅನ್ನೋದು ಮುಖ್ಯ.

ನಿಮ್ಮ ಭಾವಮೈದುನ ಕೇಳಿದ್ದು ತಪ್ಪು ಪ್ರಶ್ನೆ ಅಲ್ಲ. ಹೊರಗಿನಿಂದ ನೋಡಿದರೆ ನಮ್ಮ ಕೆಲಸ ಹಾಗೇ ಕಾಣುತ್ತದೆ. ಅವರಿಗೆ ಕಾರ್ಖಾನೆಯ ಉದಾಹರಣೆ ಬೇಡ, ಹೋಟೆಲಿನದು ಹೇಳಿ. ಮುಂಬೈಯ ಮಾಟುಂಗಾದಲ್ಲಿ ನಮ್ಮ ಉಡುಪಿ ಕಡೆಯವರ ಹೋಟೆಲಿಗೆ ಭಾನುವಾರ ಬೆಳಗ್ಗೆ ಹೋದರೆ ಬಾಗಿಲಲ್ಲಿ ಜನ ನಿಂತಿರುತ್ತಾರೆ. ಅಂಥ ಒಂದು ಹೋಟೆಲಿನಲ್ಲಿ ಒಂದೇ ಕಾವಲಿ ಇದೆ ಅಂದುಕೊಳ್ಳಿ. ಒಂದು ಸಲಕ್ಕೆ 6 ದೋಸೆ. ಹೊಯ್ದು, ಬೇಯಿಸಿ, ಪಲ್ಯ ಇಟ್ಟು, ಎತ್ತಿ, ಕಾವಲಿ ಒರೆಸಿ ಮತ್ತೆ ಹೊಯ್ಯುವುದಕ್ಕೆ 4 ನಿಮಿಷ. ಅಂದರೆ ಗಂಟೆಗೆ 15 ಸರದಿ, 90 ದೋಸೆ. ಆದರೆ ಗಂಟೆಗೆ 120 ದೋಸೆಯ ಆರ್ಡರ್ ಬರುತ್ತಿದೆ. ಪ್ರತಿ ಗಂಟೆಗೆ 30 ದೋಸೆ ಬಾಕಿ. ಮಾಲೀಕರು ಇನ್ನೊಬ್ಬ ಸಪ್ಲೈಯರ್‌ನನ್ನು ಇಟ್ಟುಕೊಳ್ಳುತ್ತಾರೆ. ಏನೂ ಪ್ರಯೋಜನ ಆಗಲ್ಲ. ಟೇಬಲ್ ಜಾಸ್ತಿ ಹಾಕುತ್ತಾರೆ. ಕಾಯುವವರು ಹೊರಗೆ ನಿಲ್ಲುವ ಬದಲು ಒಳಗೆ ಕೂತು ಕಾಯುತ್ತಾರೆ, ಅಷ್ಟೇ. ಅಡ್ಡಿ ಇರುವುದು ಕಾವಲಿಯಲ್ಲಿ.

ಈಗ ಒಬ್ಬರು ಅಲ್ಲೇ ಅರ್ಧ ದಿನ ನಿಂತು ನೋಡುತ್ತಾರೆ. ದೋಸೆ ಭಟ್ಟರು ಪ್ರತಿ ಸರದಿಗೂ ಪಲ್ಯ ತರಲು ನಾಲ್ಕು ಹೆಜ್ಜೆ ಹೋಗಿ ಬರುತ್ತಾರೆ. ಎಣ್ಣೆಯ ಪಾತ್ರೆ ಎಡಗಡೆ, ಒರೆಸುವ ಪೊರಕೆ ಹಿಂದೆ. ಎಲ್ಲವನ್ನೂ ಕೈಗೆಟಕುವ ಹಾಗೆ ಇಟ್ಟರೆ ಒಂದು ಸರದಿಗೆ 1 ನಿಮಿಷ ಉಳಿಯುತ್ತದೆ. 4 ನಿಮಿಷದ್ದು 3 ಆಯಿತು. ಗಂಟೆಗೆ 20 ಸರದಿ, 120 ದೋಸೆ. ಹೊಸ ಕಾವಲಿ ಬೇಡ, ಹೊಸ ಆಳು ಬೇಡ. ಭಟ್ಟರ ಕಾಲು ನೋವೂ ಕಡಿಮೆ. ಇಂಡಸ್ಟ್ರಿಯಲ್ ಎಂಜಿನಿಯರ್ ಮಾಡುವುದು ಇದನ್ನೇ. ಕಾವಲಿಯ ಜಾಗದಲ್ಲಿ ಪ್ರೆಸ್, ವೆಲ್ಡಿಂಗ್ ಲೈನ್, ಭಿವಂಡಿಯ ಗೋಡೌನ್, ನ್ಹಾವಾ ಶೇವಾ ಬಂದರಿನ ಕಂಟೇನರ್ ಅಂಗಳ, ಆಸ್ಪತ್ರೆಯ ಒಪಿಡಿ, ಏನು ಬೇಕಾದರೂ ಇರಬಹುದು.

ಈ ಹೋಟೆಲಿನ ಲೆಕ್ಕ ಸುಲಭದ್ದು. ಕಾಲೇಜಿನಲ್ಲಿ ಕಲಿಸುವುದು ಇದಕ್ಕಿಂತ ಕಷ್ಟದ ಲೆಕ್ಕಗಳನ್ನು. 50 ಬಗೆಯ ಭಾಗ, 12 ಯಂತ್ರ, 3 ಶಿಫ್ಟ್ ಇದ್ದಾಗ ಯಾವುದನ್ನು ಯಾವಾಗ ಮಾಡಬೇಕು? ಎಷ್ಟು ಮಾಲು ಗೋಡೌನಿನಲ್ಲಿ ಇಟ್ಟರೆ ದುಡ್ಡು ಕೊಳೆಯುವುದೂ ಇಲ್ಲ, ಲೈನ್ ನಿಲ್ಲುವುದೂ ಇಲ್ಲ? ಇದಕ್ಕೆಲ್ಲ ಗಣಿತ ಬೇಕು. ಇರುವ ಮಿತಿಯೊಳಗೆ ಅತ್ಯುತ್ತಮ ಯೋಜನೆ ಹುಡುಕಲು ಜಾರ್ಜ್ ಡಾಂಟ್ಜಿಗ್ 1947ರಲ್ಲಿ ಕೊಟ್ಟ ಸಿಂಪ್ಲೆಕ್ಸ್ ವಿಧಾನ, ಗುಣಮಟ್ಟ ಹದ ತಪ್ಪುತ್ತಿದೆಯಾ ಅಂತ ನೋಡಲು ಶೂಹಾರ್ಟ್ 1924ರಲ್ಲಿ ಬರೆದ ಕಂಟ್ರೋಲ್ ಚಾರ್ಟ್, ಟೊಯೊಟಾದ ತೈಚಿ ಓನೊ ಕಟ್ಟಿದ ಉತ್ಪಾದನಾ ಪದ್ಧತಿ, ಇವೆಲ್ಲ ಇವತ್ತಿಗೂ ದಿನ ಬಳಸುವ ಸಾಮಾನು. ನಿಮ್ಮ ಮಗಳಿಗೆ ಗಣಿತ ಪ್ರಾಣ ಅಂದಿರಲ್ಲ, ನಾನು ಕಿವಿ ನಿಮಿರಿಸಿದ್ದು ಅಲ್ಲೇ.

ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ನಾನು ಕೆಲಸ ಮಾಡಿದ ಒಂದು ಪ್ರೆಸ್ ಶಾಪಿನಲ್ಲಿ ದಿನಕ್ಕೆ 3 ಸಲ ಡೈ, ಅಂದರೆ ತಗಡನ್ನು ಒತ್ತಿ ಆಕಾರ ಕೊಡುವ ಅಚ್ಚು, ಬದಲಿಸುತ್ತಿದ್ದರು. ಒಂದೊಂದು ಸಲಕ್ಕೆ 70 ನಿಮಿಷ ಪ್ರೆಸ್ ಸುಮ್ನೆ ನಿಲ್ಲುತ್ತಿತ್ತು. ಯಂತ್ರ ನಿಂತ ಮೇಲೆ ಮುಂದಿನ ಡೈ ಹುಡುಕುವುದು, ಸ್ಪ್ಯಾನರ್ ತರುವುದು, ಕ್ರೇನಿಗೆ ಕಾಯುವುದು. ನಾವು ಮಾಡಿದ್ದು ಇಷ್ಟೇ. ಯಂತ್ರ ಓಡುತ್ತಿರುವಾಗಲೇ ಆಗುವ ಕೆಲಸ ಯಾವುದು, ಅದು ನಿಂತಾಗ ಮಾತ್ರ ಆಗುವುದು ಯಾವುದು ಅಂತ ಬೇರೆ ಮಾಡಿದೆವು. ಶಿಗೆಯೊ ಶಿಂಗೊ ಅನ್ನುವ ಜಪಾನಿ ಎಂಜಿನಿಯರ್ ತೋರಿಸಿಕೊಟ್ಟ ದಾರಿ ಅದು. ಮೂರು ತಿಂಗಳಲ್ಲಿ 70 ನಿಮಿಷ 28ಕ್ಕೆ ಇಳಿಯಿತು. ಒಂದು ಸಲಕ್ಕೆ 42 ನಿಮಿಷ, ದಿನಕ್ಕೆ 126 ನಿಮಿಷ ಉಳಿತಾಯ. 25 ದಿನಕ್ಕೆ 52 ಗಂಟೆಗಿಂತ ಜಾಸ್ತಿ. ಮಾಲೀಕರು ಇನ್ನೊಂದು ಪ್ರೆಸ್ ಕೊಳ್ಳುವ ಮಾತು ಆಡುತ್ತಿದ್ದವರು ಅದನ್ನು ಕೈಬಿಟ್ಟರು. ಮರುವರ್ಷ ನನ್ನ ಸಂಬಳ ಏರಿದ್ದು ಆ 52 ಗಂಟೆಯಿಂದ.

ಇದರ ಇನ್ನೊಂದು ಮಗ್ಗುಲೂ ನಿಮಗೆ ಗೊತ್ತಿರಬೇಕು. ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ ನಾನು ಒಂದು ತಪ್ಪು ಮಾಡಿದೆ. ಬೆಳಗ್ಗೆ 9 ಗಂಟೆಗೆ, ತಂಪು ಹೊತ್ತಿನಲ್ಲಿ, ಒಬ್ಬ ಚುರುಕು ಆಪರೇಟರ್‌ನ ಮುಂದೆ ಸ್ಟಾಪ್‌ವಾಚ್ ಹಿಡಿದೆ. ಒಂದು ಪೀಸಿಗೆ 48 ಸೆಕೆಂಡ್ ಅಂತ ಬರೆದುಕೊಟ್ಟೆ. ಮಧ್ಯಾಹ್ನ ಪತ್ರಾಸಿನ ಚಾವಣಿಯ ಕೆಳಗೆ ಅದು ಯಾರಿಗೂ ಆಗಲಿಲ್ಲ. ಆ ತಿಂಗಳು ಇಡೀ ಲೈನಿನ ಇನ್ಸೆಂಟಿವ್ ಹೋಯಿತು. ಅಕ್ಕಲಕೋಟೆ ಕಡೆಯ ಒಬ್ಬ ಹಿರಿಯ ಕೆಲಸಗಾರರು ಊಟದ ಹೊತ್ತಿನಲ್ಲಿ ನನ್ನ ಪಕ್ಕ ಬಂದು ಕೂತರು. ಕನ್ನಡದಲ್ಲೇ ಹೇಳಿದರು: "ಸಾಹೇಬ್ರ, ನಿಮ್ಮ ಗಡಿಯಾರಕ್ಕ ಬೆವರು ಬರೂದಿಲ್ರಿ." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನದಿಂದ ಮೂರೂ ಶಿಫ್ಟಿನಲ್ಲಿ ನಿಂತು ಮತ್ತೆ ಅಳೆದೆ. ದಣಿವಿಗೆ, ಬಿಸಿಲಿಗೆ, ನೀರು ಕುಡಿಯುವುದಕ್ಕೆ ಕೊಡಬೇಕಾದ ಸಮಯ ಸೇರಿಸಿದೆ. ಆ ಸಮಯಕ್ಕೆ ಅಲೊವೆನ್ಸ್ ಅಂತ ಪುಸ್ತಕದಲ್ಲೇ ಹೆಸರಿದೆ. ನಾನು ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಆದರೆ ಅದರ ಅರ್ಥ ಗೊತ್ತಾಗಿದ್ದು ಅವತ್ತು. ನೀವು ಸೂಪರ್‌ವೈಸರ್. ನಿಮ್ಮ ಮಗಳು ಈ ಮಾತುಗಳನ್ನು ಮನೆಯಲ್ಲೇ ಕೇಳಿ ಬೆಳೆದಿದ್ದಾಳೆ. ಅದು ಬೇರೆ ಮಕ್ಕಳಿಗೆ ಇಲ್ಲದ ಬಂಡವಾಳ.

ಈಗ ಸಾಲದ ಲೆಕ್ಕ. ಇದನ್ನು ಕಾಗದ ಪೆನ್ನು ತೆಗೆದುಕೊಂಡು ನೀವೂ ಒಮ್ಮೆ ಮಾಡಿ ನೋಡಿ.

ವರ್ಷಕ್ಕೆ 2 ಲಕ್ಷದಂತೆ 4 ವರ್ಷ ಸಾಲ. ಬಡ್ಡಿ ವರ್ಷಕ್ಕೆ ನೂರಕ್ಕೆ 10 ಅಂತ ಇಟ್ಟುಕೊಳ್ಳಿ. ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಓದುವಾಗ ಕಂತು ಇಲ್ಲ, ಓದು ಮುಗಿದ ಮೇಲೂ 1 ವರ್ಷ ಇಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಮೊದಲ ವರ್ಷದ 2 ಲಕ್ಷಕ್ಕೆ 5 ವರ್ಷದ ಬಡ್ಡಿ 1 ಲಕ್ಷ. ಎರಡನೇ ವರ್ಷದ್ದಕ್ಕೆ 80 ಸಾವಿರ, ಮೂರನೆಯದಕ್ಕೆ 60, ನಾಲ್ಕನೆಯದಕ್ಕೆ 40. ಒಟ್ಟು 2.8 ಲಕ್ಷ. ಕಂತು ಶುರುವಾಗುವ ದಿನ ಸಾಲ 8 ಲಕ್ಷ ಅಲ್ಲ, 10.8 ಲಕ್ಷ. ಅದನ್ನು 7 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು ₹17,900. ಒಟ್ಟು ಕಟ್ಟುವುದು 15 ಲಕ್ಷ.

ಪುಣೆಯ ಸಾಧಾರಣ ಕಾರ್ಖಾನೆಗಳಲ್ಲಿ ಹೊಸ ಎಂಜಿನಿಯರ್ ಕೈಗೆ ಬರುವುದು ನಾನು ನೋಡಿದ ಮಟ್ಟಿಗೆ 20ರಿಂದ 30 ಸಾವಿರ. ದೊಡ್ಡ ಕಂಪನಿಗಳು ಇದಕ್ಕಿಂತ ಜಾಸ್ತಿ ಕೊಡುತ್ತವೆ, ಆದರೆ ಅವು ತೆಗೆದುಕೊಳ್ಳುವುದು ಕೆಲವರನ್ನು. ಮಗಳಿಗೆ 25 ಸಾವಿರ ಬಂತು ಅಂದರೆ, ಕಂತು ಹೋಗಿ ಉಳಿಯುವುದು 7 ಸಾವಿರ. ಅಂಥ ಹುಡುಗ ಹುಡುಗಿಯರನ್ನು ನಾನು ನೋಡಿದ್ದೇನೆ. ಒಳ್ಳೆಯದು ಕಲಿಯುವ ಕೆಲಸ ಬಿಟ್ಟು, 3 ಸಾವಿರ ಜಾಸ್ತಿ ಸಿಗುತ್ತದೆ ಅಂತ ಏನೂ ಕಲಿಸದ ಕೆಲಸಕ್ಕೆ ಹೋಗುತ್ತಾರೆ. ನಾಲ್ಕನೇ ವರ್ಷ ಸಂಬಳ ಏರಬೇಕಾದಾಗ ಕೈಯಲ್ಲಿ ವಿದ್ಯೆ ಇರುವುದಿಲ್ಲ. ಸಾಲದ ನಿಜವಾದ ಪೆಟ್ಟು ಬೀಳುವುದು ಅಲ್ಲಿ, ಬಡ್ಡಿಯಲ್ಲಿ ಅಲ್ಲ.

ಅದೇ 4 ಲಕ್ಷ ಸಾಲ ಮಾಡಿ, ಓದುವಾಗಲೇ ಬಡ್ಡಿಯನ್ನು ಮಾತ್ರ ನೀವು ಕಟ್ಟುತ್ತಾ ಹೋದರೆ? ಮೊದಲ ವರ್ಷ ತಿಂಗಳಿಗೆ ₹833, ಎರಡನೇ ವರ್ಷ ₹1,667, ಮೂರನೇ ವರ್ಷ ₹2,500, ಆಮೇಲೆ ₹3,333. ಅವಳಿಗೆ ಉಳಿಯುವ ಕಂತು ತಿಂಗಳಿಗೆ ಸುಮಾರು ₹6,640. ಸಂಬಳದ ಕಾಲು ಭಾಗಕ್ಕಿಂತ ಸ್ವಲ್ಪ ಮೇಲೆ. ಮನೆಯಲ್ಲೇ ಇರುವ ಮಗಳಿಗೆ ಇದು ಹೊರೆ ಅಲ್ಲ. ಇನ್ನೊಂದು ಅನುಕೂಲ, 4 ಲಕ್ಷದ ತನಕದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ನಿಮ್ಮ ಕೈಯಿಂದ ಪಾಲು ಹಾಕಿ ಅನ್ನುವುದಿಲ್ಲ, ಮನೆ ಜಮೀನು ಅಡ ಇಡಿ ಅನ್ನುವುದೂ ಇಲ್ಲ.

8 ಲಕ್ಷವನ್ನು 4 ಲಕ್ಷ ಮಾಡುವುದು ಹೇಗೆ? ಇಲ್ಲಿ ನಮ್ಮ ಹೊರನಾಡ ಕನ್ನಡಿಗರು ತುಂಬಾ ಎಡವುತ್ತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಹಾರಾಷ್ಟ್ರ ಸರಕಾರ 2024-25ರಿಂದ ವೃತ್ತಿಪರ ಕೋರ್ಸುಗಳಲ್ಲಿ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ), ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದ), ಒಬಿಸಿ ವರ್ಗದ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಮನ್ನಾ ಮಾಡಿದೆ. ಮನೆಯ ಆದಾಯ 8 ಲಕ್ಷದೊಳಗೆ ಇರಬೇಕು, ಸೀಟು ಸರಕಾರದ ಕ್ಯಾಪ್, ಅಂದರೆ ಕೇಂದ್ರೀಕೃತ ಪ್ರವೇಶದ ಸುತ್ತಿನಲ್ಲಿ ಸಿಕ್ಕಿರಬೇಕು. ನಿಮ್ಮ ಆದಾಯ ಐದೂವರೆ ಲಕ್ಷ, ಅದು ಸರಿಹೋಯಿತು. ಆದರೆ ಜಾತಿ ಪ್ರಮಾಣಪತ್ರದ ವಿಷಯ ಬೇರೆ. ಕರ್ನಾಟಕದಲ್ಲಿ ನಿಮಗೆ ಒಬಿಸಿ ಪತ್ರ ಇದ್ದರೂ ಅದು ಇಲ್ಲಿ ನಡೆಯುವುದಿಲ್ಲ. ಕುಟುಂಬ 13 ಅಕ್ಟೋಬರ್ 1967ಕ್ಕೆ ಮೊದಲಿನಿಂದ ಮಹಾರಾಷ್ಟ್ರದಲ್ಲಿ ಇತ್ತು ಅಂತ ದಾಖಲೆ ಕೇಳುತ್ತಾರೆ. ರಾಜ್ಯದ ಇಡಬ್ಲ್ಯುಎಸ್ ಪತ್ರಕ್ಕೂ ಅದೇ ತಾರೀಕು. ನೀವು ಬಂದು 22 ವರ್ಷ. ಹಾಗಾಗಿ ಇದು ನಿಮ್ಮ ಕೈಗೆ ಸಿಗುವುದು ಕಷ್ಟ.

ಬೇಸರ ಪಡಬೇಡಿ, ಬೇರೆ ಎರಡು ಬಾಗಿಲು ತೆರೆದಿವೆ. ಒಂದು, ರಾಜರ್ಷಿ ಛತ್ರಪತಿ ಶಾಹೂ ಮಹಾರಾಜ್ ಶಿಕ್ಷಣ ಶುಲ್ಕ ಯೋಜನೆ. ಓಪನ್ ವರ್ಗದವರಿಗೂ, ಆದಾಯ 8 ಲಕ್ಷದೊಳಗೆ ಇದ್ದರೆ, ಬೋಧನಾ ಶುಲ್ಕದ ಅರ್ಧ ಸರಕಾರ ಕೊಡುತ್ತದೆ. ಮಗಳು ಇಲ್ಲೇ ಹುಟ್ಟಿ, 10 ಮತ್ತು 12 ಇಲ್ಲೇ ಓದಿದ್ದಾಳೆ. ಡೊಮಿಸೈಲ್ (ವಾಸಸ್ಥಳ) ಪತ್ರ ಮತ್ತು ಆದಾಯ ಪತ್ರಕ್ಕೆ ಇವತ್ತೇ ಸರಕಾರದ ಸೇತು ಕೇಂದ್ರದಲ್ಲಿ ಅರ್ಜಿ ಹಾಕಿಬಿಡಿ. ಕ್ಯಾಪ್ ಶುರುವಾದ ಮೇಲೆ ಅಲ್ಲಿ ಸಾಲು ಬೆಳೆಯುತ್ತದೆ. ಎರಡನೆಯದು ಟಿಎಫ್‌ಡಬ್ಲ್ಯುಎಸ್, ಅಂದರೆ ಬೋಧನಾ ಶುಲ್ಕ ಮನ್ನಾ ಯೋಜನೆ. ಪ್ರತಿ ಬ್ರಾಂಚಿನಲ್ಲೂ ನೂರಕ್ಕೆ 5ರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಇಲ್ಲ, ಆದಾಯದ ಮಿತಿ ಇಲ್ಲೂ 8 ಲಕ್ಷ. ಇದಕ್ಕೆ ಅಂಕ ಜಾಸ್ತಿ ಬೇಕು. ಆದರೆ ಎಲ್ಲರೂ ಕಂಪ್ಯೂಟರ್ ಕಡೆ ಓಡುವುದರಿಂದ ಇಂಡಸ್ಟ್ರಿಯಲ್, ಪ್ರೊಡಕ್ಷನ್ ಬ್ರಾಂಚುಗಳ ಟಿಎಫ್‌ಡಬ್ಲ್ಯುಎಸ್ ಸೀಟು ಕೈಗೆ ಎಟಕುವ ಸಾಧ್ಯತೆ ಇದೆ. ಆಪ್ಷನ್ ಫಾರಂನಲ್ಲಿ ಅದಕ್ಕೆ ಬೇರೆ ಕೋಡ್ ಇರುತ್ತದೆ. ಅದನ್ನು ಮೇಲೆ ಹಾಕಿ, ಸಾಧಾರಣ ಸೀಟನ್ನು ಕೆಳಗೆ ಹಾಕಿ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದರೆ ಈ ಯಾವುದೂ ಸಿಗುವುದಿಲ್ಲ. ಏಜೆಂಟರು ಅದನ್ನು ಹೇಳುವುದಿಲ್ಲ.

ಡೆವಲಪ್‌ಮೆಂಟ್ ಫೀ ಅಂತ ಬೇರೆ ಇರುತ್ತದೆ, ಅದಕ್ಕೆ ಅರ್ಧದ ರಿಯಾಯಿತಿ ಇಲ್ಲ. ಬಸ್ ಪಾಸ್, ಲ್ಯಾಪ್‌ಟಾಪ್ ಕೂಡ ಇದೆ. ಇಷ್ಟನ್ನು ಕೈಯಿಂದ ಹಾಕಿಕೊಂಡರೆ ಸಾಲ 4 ಲಕ್ಷದಲ್ಲಿ ನಿಲ್ಲುತ್ತದೆ. ಕಾಲೇಜು ಹೇಳುವ ಶುಲ್ಕ ಸರಿಯಾ ಅಂತ ರಾಜ್ಯದ ಶುಲ್ಕ ನಿಯಂತ್ರಣ ಪ್ರಾಧಿಕಾರದ ಪಟ್ಟಿಯಲ್ಲಿ ನೋಡಿ. ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ 8 ಲಕ್ಷದೊಳಗಿನ ಆದಾಯದವರಿಗೆ ಬಡ್ಡಿಯಲ್ಲಿ ನೂರಕ್ಕೆ 3 ಕಡಿಮೆ ಆಗುತ್ತದೆ. ಆದರೆ ಆ ಯೋಜನೆಯ ಪಟ್ಟಿಯಲ್ಲಿರುವ ಕಾಲೇಜು ಆಗಿರಬೇಕು, ಮತ್ತು ಬೇರೆ ಸರಕಾರಿ ವಿದ್ಯಾರ್ಥಿವೇತನ ತೆಗೆದುಕೊಂಡವರಿಗೆ ಇದು ಸಿಗುವುದಿಲ್ಲ. ನಿಮಗೆ ಅರ್ಧ ಶುಲ್ಕವೇ ದೊಡ್ಡ ಲಾಭ.

ಬೆಂಗಳೂರಿನ ವಿಚಾರ ಬೇಗ ಮುಗಿಸುತ್ತೇನೆ. ಆರ್‌ವಿ, ಬಿಎಂಎಸ್, ಎಂ.ಎಸ್. ರಾಮಯ್ಯ ಕಾಲೇಜುಗಳಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್ ಅನ್ನುವ ಹೆಸರಿನಲ್ಲಿ ಈ ಓದು ಬೆಳೆದಿದೆ, ಹೆಸರೂ ಚೆನ್ನಾಗಿದೆ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆ ಬೇರೆ ನಿಯಮ ಇದೆ, ಕನ್ನಡದ ಪರೀಕ್ಷೆಯನ್ನೂ ಬರೆಯಬೇಕಾಗುತ್ತದೆ. ಮಗಳು ಈಗಾಗಲೇ ಸಿಇಟಿ ಬರೆದು ಸರಕಾರಿ ದರದ ಸೀಟು ಸಿಗುವ ಹಾಗಿದ್ದರೆ ಯೋಚಿಸಿ. ಇಲ್ಲದಿದ್ದರೆ ಬೇಡ. ಹಾಸ್ಟೆಲ್, ಊಟ, ಓಡಾಟ ಸೇರಿದರೆ ಇಲ್ಲಿ ಉಳಿಸಿದ್ದೆಲ್ಲ ಅಲ್ಲಿ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಓದಿಗೆ ಬೇಕಾದ ಪ್ರಯೋಗಶಾಲೆ ನಿಮ್ಮ ಮನೆ ಬಾಗಿಲಲ್ಲೇ ಇದೆ. ಭೋಸರಿಯಿಂದ ಚಾಕಣ ಎಷ್ಟು ದೂರ ಹೇಳಿ?

ಪುಣೆ, ಮುಂಬೈಯಲ್ಲೇ ಹುಡುಕುವಾಗ ಒಂದು ಬ್ರಾಂಚಿನ ಹೆಸರಿಗೆ ಅಂಟಿಕೊಳ್ಳಬೇಡಿ. ಪುಣೆಯ ಸಿಒಇಪಿಯಲ್ಲಿ ಮೊದಲು ಪ್ರೊಡಕ್ಷನ್ ಅಂತ ಇದ್ದದ್ದು ಈಗ ಮ್ಯಾನುಫ್ಯಾಕ್ಚರಿಂಗ್ ಸೈನ್ಸ್ ಆಗಿದೆ. ಮುಂಬೈಯ ವಿಜೆಟಿಐಯಲ್ಲಿ ಪ್ರೊಡಕ್ಷನ್ ಎಂಜಿನಿಯರಿಂಗ್ ಇದೆ. ಇವು ಹಳೆಯ ಸಂಸ್ಥೆಗಳು, ಒಂದು 1854ರದ್ದು, ಇನ್ನೊಂದು 1887ರದ್ದು. ನಮ್ಮ ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಓದಿದ್ದು ಪುಣೆಯ ಆ ಕಾಲೇಜಿನಲ್ಲೇ. ಅಲ್ಲಿ ಕಂಪ್ಯೂಟರ್‌ಗೆ ಬೇಕಾದಷ್ಟು ಅಂಕ ಈ ಬ್ರಾಂಚುಗಳಿಗೆ ಬೇಡ. ಸ್ವಲ್ಪವಾದರೂ ಸಾಧ್ಯತೆ ಇದ್ದರೆ ಫಾರಂನಲ್ಲಿ ಮೊದಲ ಸಾಲುಗಳಲ್ಲೇ ಬರೆಯಿರಿ.

ಆಮೇಲೆ ಮೆಕ್ಯಾನಿಕಲ್ ಪ್ರಶ್ನೆ. ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಒಂದೇ ಕಾಲೇಜಿನಲ್ಲಿ ಎರಡೂ ಸಿಕ್ಕರೆ, ಗಣಿತ ಇಷ್ಟಪಡುವ ಹುಡುಗಿಗೆ ನಾನು ಇಂಡಸ್ಟ್ರಿಯಲ್ ಅನ್ನುತ್ತೇನೆ. ಆದರೆ ಒಳ್ಳೆಯ ಕಾಲೇಜಿನ ಮೆಕ್ಯಾನಿಕಲ್ ಮತ್ತು ಸಾಧಾರಣ ಕಾಲೇಜಿನ ಇಂಡಸ್ಟ್ರಿಯಲ್ ಮಧ್ಯೆ ಆಯ್ಕೆ ಇದ್ದರೆ ಮೆಕ್ಯಾನಿಕಲ್‌ಗೇ ಹೋಗಲಿ. ಸರಕಾರಿ ಉದ್ಯಮಗಳ ಕೆಲವು ಜಾಹೀರಾತುಗಳಲ್ಲಿ ಮೆಕ್ಯಾನಿಕಲ್ ಅಂತ ಮಾತ್ರ ಇರುತ್ತದೆ. ಕೆಲವದರಲ್ಲಿ ಪ್ರೊಡಕ್ಷನ್, ಇಂಡಸ್ಟ್ರಿಯಲ್ ಎರಡನ್ನೂ ಸೇರಿಸುತ್ತಾರೆ. ಮೆಕ್ಯಾನಿಕಲ್ ಓದಿದವರು ಆಮೇಲೆ ಈ ಕಡೆ ಬರಬಹುದು. ನನ್ನ ಜೊತೆ ಕೆಲಸ ಮಾಡಿದ ಅರ್ಧದಷ್ಟು ಜನ ಹಾಗೆ ಬಂದವರೇ. ಆ ಕಡೆಯಿಂದ ಈ ಕಡೆ ಬರುವುದು ಸುಲಭ, ಈ ಕಡೆಯಿಂದ ಆ ಕಡೆ ಹೋಗುವುದು ಕಷ್ಟ.

ಕಾಲೇಜನ್ನು ಅಳೆಯುವುದು ಹೇಗೆ? ಗೇಟಿನ ಬ್ಯಾನರ್‌ನಲ್ಲಿ ಇರುವ ಅತಿ ದೊಡ್ಡ ಪ್ಯಾಕೇಜ್ ನೋಡಬೇಡಿ. ಅದು ಒಬ್ಬ ಹುಡುಗನದ್ದು, ಅದೂ ಕಂಪ್ಯೂಟರ್ ಬ್ರಾಂಚಿನವನದ್ದು ಇರಬಹುದು. ಕೇಂದ್ರ ಸರಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಕಾಲೇಜುಗಳು ತಮ್ಮ ಅಂಕಿ ಅಂಶ ಕೊಡುತ್ತವೆ. ಎಷ್ಟು ಮಕ್ಕಳು ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ನಡುಮಟ್ಟದ ಸಂಬಳ ಎಷ್ಟು, ಎಲ್ಲ ಅದರಲ್ಲಿ ಇರುತ್ತದೆ. ನಡುಮಟ್ಟ ಅಂದರೆ ಅರ್ಧ ಜನ ಅದಕ್ಕಿಂತ ಮೇಲೆ, ಅರ್ಧ ಜನ ಕೆಳಗೆ. ಆ ಒಂದು ಸಂಖ್ಯೆ ಬ್ಯಾನರಿಗಿಂತ ಸಾವಿರ ಪಾಲು ಮೇಲು. ಅದು ಎಲ್ಲ ಬ್ರಾಂಚುಗಳನ್ನೂ ಸೇರಿಸಿದ್ದು. ಹಾಗಾಗಿ ವಿಭಾಗದ ಮುಖ್ಯಸ್ಥರನ್ನೇ ಭೇಟಿ ಮಾಡಿ ಮೂರು ಪ್ರಶ್ನೆ ಕೇಳಿ. ಕೊನೆಯ ವರ್ಷ ಆರು ತಿಂಗಳು ಕಾರ್ಖಾನೆಗೆ ಕಳಿಸುತ್ತೀರಾ? ಹೋದ ವರ್ಷದ ಮಕ್ಕಳು ಯಾವ ಯಾವ ಕಾರ್ಖಾನೆಗೆ ಹೋಗಿದ್ದರು? ಈ ಬ್ರಾಂಚ್ ಮುಂದಿನ ವರ್ಷಗಳಲ್ಲೂ ಇರುತ್ತದಾ? ಮೂರನೆಯದನ್ನು ಬಿಡಬೇಡಿ. ಮಕ್ಕಳು ಸಿಗದೆ ಈ ಬ್ರಾಂಚನ್ನು ಮುಚ್ಚಿದ, ಹೆಸರು ಬದಲಿಸಿದ ಕಾಲೇಜುಗಳು ಇವೆ.

ಹೆಣ್ಣುಮಗು ಶಾಪ್ ಫ್ಲೋರ್‌ಗೆ ಹೋಗುವುದಾ ಅನ್ನುವ ಅಳುಕು ನಿಮ್ಮ ಮನಸ್ಸಿನಲ್ಲಿ ಇರಬಹುದು. ಪತ್ರದಲ್ಲಿ ಬರೆದಿಲ್ಲ, ಆದರೂ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದಾಗ ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲದ ಶಾಪ್‌ಗಳು ಇದ್ದವು. ಇವತ್ತು ಚಾಕಣದ ಬಜಾಜ್ ಕಾರ್ಖಾನೆಯಲ್ಲಿ ಡೊಮಿನಾರ್ ಬೈಕನ್ನು ಜೋಡಿಸುವ ಲೈನಿನಲ್ಲಿ ಹೆಣ್ಣುಮಕ್ಕಳೇ ಇದ್ದಾರೆ. ಎಲ್ಲ ಕಡೆ ಹೀಗಿಲ್ಲ, ನಿಮಗೇ ಗೊತ್ತು. ಕೆಲಸ ಹಿಡಿಯುವಾಗ ಕಂಪನಿ ಬಸ್ ಇದೆಯಾ, ಎರಡನೇ ಶಿಫ್ಟ್ ಮುಗಿದ ಮೇಲೆ ಮನೆ ತನಕ ಬಿಡುತ್ತಾರಾ ಅಂತ ಕೇಳಲೇಬೇಕು. ಈ ವಿದ್ಯೆಯ ಬುನಾದಿ ಹಾಕಿದವರಲ್ಲಿ ಒಬ್ಬರು ಲಿಲಿಯನ್ ಗಿಲ್‌ಬ್ರೆತ್. 12 ಮಕ್ಕಳ ತಾಯಿ. ಗಂಡನ ಜೊತೆ ಕೈ ಕಾಲಿನ ಚಲನೆಗಳನ್ನು ಅಳೆದರು. ಗಂಡ ತೀರಿಕೊಂಡ ಮೇಲೆ ಅದೇ ವಿದ್ಯೆಯನ್ನು ಅಡುಗೆಮನೆಯ ಜೋಡಣೆಗೂ ತಂದರು. ಮಗಳಿಗೆ ಈ ಹೆಸರು ಹೇಳಿ, ಅವಳೇ ಹುಡುಕಿ ಓದುತ್ತಾಳೆ.

ಸಂಬಳ ಏರುವುದು ಯಾವಾಗ, ಹೇಗೆ? ಮೊದಲ ಎರಡು ವರ್ಷ ಎಲ್ಲ ಎಂಜಿನಿಯರುಗಳ ಹಾಗೇ. ಮೂರನೇ ವರ್ಷದಿಂದ ದಾರಿ ಕವಲೊಡೆಯುತ್ತದೆ. ಕೆಲವರು ಎಸಿ ಕೋಣೆಯಲ್ಲಿ ಕೂತು ಎಕ್ಸೆಲ್‌ನಲ್ಲಿ ದಿನದ ವರದಿ ತುಂಬುತ್ತಾ ಉಳಿಯುತ್ತಾರೆ. ಅವರ ಸಂಬಳವೂ ಅಲ್ಲೇ ಉಳಿಯುತ್ತದೆ. ಇನ್ನು ಕೆಲವರು ಫ್ಲೋರ್‌ನಲ್ಲಿ ಓಡಾಡಿ, ನಾನು ಇಂಥ ಲೈನಿನಲ್ಲಿ ಇಷ್ಟು ಗಂಟೆ ಉಳಿಸಿದೆ, ಇಷ್ಟು ಸ್ಟಾಕ್ ಇಳಿಸಿದೆ ಅಂತ ಅಂಕಿ ಇಟ್ಟು ಹೇಳಬಲ್ಲವರಾಗುತ್ತಾರೆ. ಅವರನ್ನು ಸಪ್ಲೈ ಚೈನ್, ಗೋಡೌನ್ ವಿನ್ಯಾಸ, ಕನ್ಸಲ್ಟಿಂಗ್ ಕಂಪನಿಗಳು ಹುಡುಕಿಕೊಂಡು ಬರುತ್ತವೆ. ಇದರ ಜೊತೆ ಪೈಥಾನ್, ಎಸ್‌ಕ್ಯುಎಲ್ ಅನ್ನುವ ಕಂಪ್ಯೂಟರ್ ಭಾಷೆಗಳೂ ಬಂದರೆ ಡೇಟಾ ಕೆಲಸದ ಬಾಗಿಲೂ ತೆರೆಯುತ್ತದೆ. ಕಂಪ್ಯೂಟರ್ ಸೀಟು ಸಿಗಲಿಲ್ಲ ಅಂತ ಕೊರಗುವ ಬದಲು ಅವಳು ಮೊದಲ ವರ್ಷದಿಂದಲೇ ಇವೆರಡನ್ನು ಕಲಿಯಲಿ. ಪುಕ್ಕಟೆ ಕಲಿಯಬಹುದು.

ಇನ್ನೊಂದು ದಾರಿ ಮುಂದಿನ ಓದು. ಈ ವಿದ್ಯೆಯಲ್ಲಿ ದುಡ್ಡು ಹಾಕಿದ್ದಕ್ಕೆ ಹೆಚ್ಚು ಫಲ ಸಿಗುವುದು ಇಲ್ಲೇ ಅಂತ ನನ್ನ ಅನುಭವ. ಎಂ.ಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಯಲ್ಲಿ ಪ್ರೊಡಕ್ಷನ್ ಅಂಡ್ ಇಂಡಸ್ಟ್ರಿಯಲ್ ಅಂತ ಬೇರೆ ಪತ್ರಿಕೆಯೇ ಇದೆ. ಪವಾಯಿಯ ಐಐಟಿಯಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಅಂಡ್ ಆಪರೇಷನ್ಸ್ ರಿಸರ್ಚ್‌ನಲ್ಲಿ ಎಂ.ಟೆಕ್ ಇದೆ. ಗೇಟ್ ಮೂಲಕ ಅಸಿಸ್ಟೆಂಟ್‌ಶಿಪ್ ಜೊತೆ ಸೇರಿದವರಿಗೆ ತಿಂಗಳಿಗೆ ₹12,400 ಬರುತ್ತದೆ, ಹಾಗಾಗಿ ಹೊಸ ಸಾಲ ಬೇಕಾಗುವುದಿಲ್ಲ. ಅದರ ಹತ್ತಿರವೇ, ವಿಹಾರ ಕೆರೆಯ ಬಳಿ, 1963ರಲ್ಲಿ ಶುರುವಾದ ನಿಟಿ ಇತ್ತು. ಈ ವಿಷಯಕ್ಕೆ ಅಂತಲೇ ಕಟ್ಟಿದ ಸಂಸ್ಥೆ. 2023ರಲ್ಲಿ ಅದು ಐಐಎಂ ಮುಂಬೈ ಆಯಿತು. ಅಲ್ಲಿಯ ಎಂಬಿಎ ಹೆಸರುವಾಸಿ, ಶುಲ್ಕವೂ ದೊಡ್ಡದು. ಅದನ್ನು ಎರಡು ಮೂರು ವರ್ಷ ಕೆಲಸ ಮಾಡಿ, ಮೊದಲ ಸಾಲ ಇಳಿದ ಮೇಲೆ ಯೋಚಿಸಲಿ.

ಫಾರಂ ತುಂಬುವ ಮೊದಲು ಒಂದು ಕೆಲಸ ಮಾಡಿ. ಮಗಳ ಕೈಗೆ ಒಂದು ನೋಟ್‌ಬುಕ್, ಫೋನಿನ ಸ್ಟಾಪ್‌ವಾಚ್ ಕೊಟ್ಟು ಎರಡು ಗಂಟೆ ಎಲ್ಲಾದರೂ ಕೂರಿಸಿ. ನಿಮ್ಮ ಮಾಲೀಕರು ಒಪ್ಪಿದರೆ ನಿಮ್ಮ ಶಾಪಿನಲ್ಲೇ ಆಗಬಹುದು. ಇಲ್ಲದಿದ್ದರೆ ಹೋಟೆಲ್, ಪಿಎಂಪಿ ಬಸ್ ನಿಲ್ದಾಣ, ಕಿರಾಣಿ ಅಂಗಡಿ, ಎಲ್ಲಾದರೂ ಸರಿ. ಎಲ್ಲಿ ಜನ ಕಾಯುತ್ತಿದ್ದಾರೆ, ಯಾಕೆ ಕಾಯುತ್ತಿದ್ದಾರೆ, ಏನು ಬದಲಿಸಬಹುದು ಅಂತ ಬರೆಯಲಿ. ಅರ್ಧ ಗಂಟೆಗೇ ಬೇಸರವಾಗಿ ಎದ್ದು ಬಂದರೆ ಈ ಬ್ರಾಂಚಿಗೆ ಎಷ್ಟೇ ಕಡಿಮೆ ಶುಲ್ಕ ಇದ್ದರೂ ಹಾಕಬೇಡಿ. ಮನೆಗೆ ಬಂದು ರಾತ್ರಿ ಊಟದ ಹೊತ್ತಿನಲ್ಲೂ ಅದನ್ನೇ ಮಾತಾಡುತ್ತಿದ್ದರೆ ನಿಮ್ಮ ಭಾವಮೈದುನನ ಮಾತಿಗೆ ಚಿಂತೆ ಮಾಡಬೇಡಿ.

ಅವಳು ಬರೆದ ಪುಟವನ್ನು ನನಗೆ ಕಳಿಸಿ. ಜೊತೆಗೆ ಆ ಖಾಸಗಿ ಕಾಲೇಜಿನ ಹೆಸರು, ಅವಳ ಸಿಇಟಿ ಪರ್ಸೆಂಟೈಲ್, ಡೊಮಿಸೈಲ್ ಪತ್ರ ಕೈಗೆ ಬಂತಾ ಅನ್ನುವುದನ್ನೂ ಬರೆಯಿರಿ. ಆಪ್ಷನ್ ಫಾರಂನ ಸಾಲುಗಳನ್ನು ಯಾವ ಕ್ರಮದಲ್ಲಿ ಹಾಕಬೇಕು ಅಂತ ಕೂತು ನೋಡಿ ಹೇಳುತ್ತೇನೆ.